ಮಾಲೂರಿನ ಟೆಂಟಿನಲ್ಲಿ ಯಾರೂ ಸಾಯಲಿಲ್ಲ

ಎರಡನೇ ಮಹಾಯುದ್ಧದಲ್ಲಿ ನಮ್ಮ ಸೋದರಮಾವ ಒಬ್ಬನೇ ಒಬ್ಬ ಸಿಪಾಯಿಯನ್ನೂ ಸಾಯಲು ಬಿಡಲಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು! ಎದೆಗೆ ಗುಂಡು ಬಿದ್ದವರನ್ನು, ತಲೆಯ ಮೇಲೆ ಬಂಡೆ ಉರುಳಿದವರನ್ನು, ಬೆಟ್ಟದ ತುದಿಯಿಂದ ಸಮುದ್ರಕ್ಕೆ ಬಿದ್ದವರನ್ನು, ಒಬ್ಬರನ್ನೂ ಬಿಡದೆ ಬದುಕಿಸಿದ. ಅದೂ ಮಾಲೂರು ಬಿಟ್ಟು ಒಂದು ಹೆಜ್ಜೆ ಆಚೆ ಇಡದೆ, ಕೈಯಲ್ಲಿ ಬಿದಿರು ಕೋಲೊಂದನ್ನು ಹಿಡಿದುಕೊಂಡು. ಇಂಥ ವೀರನನ್ನು ಸರ್ಕಾರ ಗುರುತಿಸಲಿಲ್ಲ, ಅದು ಬೇರೆ ಮಾತು.

ಸಂಗತಿ ಇಷ್ಟು. ಯುದ್ಧ ಜೋರಾಗಿದ್ದ ಕಾಲದಲ್ಲಿ ಮಾಲೂರಿಗೆ ಟೂರಿಂಗ್ ಸಿನಿಮಾದ ಟೆಂಟು ಬಂತು. ಬಂದದ್ದು ಇಂಗ್ಲಿಷ್ ಚಿತ್ರ. ಕಮಾಂಡೋಗಳು ಎಂಬ ಆಯ್ದ ಸಿಪಾಯಿಗಳ ಒಂದು ಪಡೆ, ಮುಖಕ್ಕೆ ಮಸಿ ಬಳಿದುಕೊಂಡು, ಕತ್ತಲಲ್ಲಿ ದೋಣಿ ಹತ್ತಿ ಹೋಗಿ ಶತ್ರುವಿನ ಕೋಟೆಗೆ ಸಿಡಿಮದ್ದು ಇಡುವ ಕಥೆ. ಇಂಗ್ಲಿಷ್ ಚಿತ್ರ ಬಂದರೆ ಪರದೆಯ ಪಕ್ಕದಲ್ಲಿ ಒಬ್ಬ ನಿಂತು, ಕೋಲಿನಿಂದ ತೋರಿಸುತ್ತಾ, ಜನರಿಗೆ ಕಥೆ ಬಿಡಿಸಿ ಹೇಳುವುದು ಆಗಿನ ಪದ್ಧತಿ. ಟೆಂಟಿನವರ ಜೊತೆ ಬಂದಿದ್ದವನಿಗೆ ಗಂಟಲು ಕಟ್ಟಿತು. ಊರಲ್ಲಿ ಗಂಟಲು ಗಟ್ಟಿಯಿರುವವರು ಯಾರು ಎಂದು ಮಾಲೀಕ ವಿಚಾರಿಸಿದನಂತೆ. ಸಂತೆಗೆ ಸಂತೆಯೇ ಒಟ್ಟಾಗಿ ನಮ್ಮ ಮಾವನ ಕಡೆ ಬೆರಳು ತೋರಿಸಿತಂತೆ!

ಮಾವ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು 'ಎಸ್' ಮತ್ತು 'ನೋ', ಅವೂ ಒಮ್ಮೊಮ್ಮೆ ಅದಲುಬದಲಾಗುತ್ತಿದ್ದವು. ಅದರಿಂದೇನು? ಭಾಷೆ ಬಂದವರು ಚಿತ್ರದಲ್ಲಿ ಇರುವಷ್ಟೇ ಕಥೆ ಹೇಳಿಯಾರು. ಮಾವನಿಗೆ ಆ ತೊಡಕೇ ಇರಲಿಲ್ಲವಲ್ಲ!

ಇಲ್ಲಿ ನಮ್ಮ ಮನೆಯ ಇನ್ನೊಂದು ಯುದ್ಧದ ವಿಷಯ ಹೇಳದಿದ್ದರೆ ಆಗದು. ನಾನು ಆಗ ಹೊಲಿಗೆ ಕಲಿಯಲೆಂದು ವಕ್ಕಲೇರಿಯಿಂದ ಬಂದು ದೊಡ್ಡಮ್ಮನ ಮನೆಯಲ್ಲಿದ್ದೆ. ದೊಡ್ಡಮ್ಮ ಗಂಡನನ್ನು ಕಳೆದುಕೊಂಡವಳು. ಮಾವ ಅವಳ ಬೆನ್ನಿಗೆ ಹುಟ್ಟಿದ ತಮ್ಮ, ಅದೇ ಮನೆಯಲ್ಲಿ ವಾಸ. ದೊಡ್ಡಮ್ಮನಿಗೆ ಒಬ್ಬನೇ ಮಗ, ನಮಗೆಲ್ಲ ಅಣ್ಣ. ಸೈನ್ಯಕ್ಕೆ ಆಳು ಸೇರಿಸುವವರು ಬ್ಯಾಂಡ್ ಬಾರಿಸಿಕೊಂಡು ಮಾಲೂರಿಗೆ ಬಂದಾಗ, ಯಾರೂ ಕೇಳದಿದ್ದರೂ ಸಂತೆಕಟ್ಟೆ ಹತ್ತಿ ಭಾಷಣ ಬಿಗಿದದ್ದು ಇದೇ ಮಾವ. "ಗಂಡಸಾದವ್ನು ಮನೇಲಿ ಕೂತ್ಕಂಡು ಮುದ್ದೆ ಮುರೀತಾನೇನ್ರಲಾ?" ಎಂದು ಗುಡುಗಿದ. "ಮತ್ತೆ ನೀನು ಹೋಗಲ್ವಾ ಮೇಸ್ತ್ರಿ?" ಎಂದು ಯಾರೋ ಕೇಳಿದ್ದಕ್ಕೆ, "ನಂಗೆ ಮಂಡಿ ನೋವು" ಎಂದ. ಆಹಾ, ಇನ್ನೊಬ್ಬರ ಮಕ್ಕಳನ್ನು ಯುದ್ಧಕ್ಕೆ ಕಳಿಸುವ ಶೌರ್ಯವೇ ಶೌರ್ಯ! ಭಾಷಣಕ್ಕೆ ಮರುಳಾಗಿ ಹೆಸರು ಕೊಟ್ಟವನು ಒಬ್ಬನೇ, ನಮ್ಮಣ್ಣ. ಬರ್ಮಾ ಕಡೆ ಹೋದ ಎಂದು ಗೊತ್ತಾಯಿತು. ಆಮೇಲೆ ಸುದ್ದಿಯೇ ಇಲ್ಲ.

ಅವತ್ತಿನಿಂದ ದೊಡ್ಡಮ್ಮ ತಮ್ಮನ ಜೊತೆ ಮಾತು ಬಿಟ್ಟಳು. ಆದರೆ ಒಂದೇ ಮನೆ, ಒಂದೇ ಒಲೆ, ಮಾತಿಲ್ಲದೆ ನಡೆಯುವುದು ಹೇಗೆ? ನಡುಮನೆಯ ಕಂಬಕ್ಕೆ ಕೆಲಸ ಹತ್ತಿತು. "ಏ ಕಂಬ, ಮುದ್ದೆ ಆರ್ತಾ ಐತೆ, ಉಣ್ಣೋರು ಉಣ್ಣಬೋದು." ಮಾವನೂ ಕಂಬದ ಕಡೆ ತಿರುಗಿ, "ಸಾರಿಗೆ ಉಪ್ಪು ಕಮ್ಮಿ ಆಗೈತೆ ಅಂತ ಹೇಳಪ್ಪ" ಎನ್ನುವನು. "ನಾಲಗೆ ಉದ್ದ ಇರೋರಿಗೆ ಉಪ್ಪು ಯಾಕೆ ಬೇಕು ಅಂತ ಕೇಳು ಕಂಬ!" ಊರಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ, ಮನೆಯಲ್ಲಿ ಒಂದು ಮರದ ಕಂಬದ ಮುಂದೆ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಟೆಂಟಿನಲ್ಲಿ ಮಾತ್ರ ಅವನದೇ ರಾಜ್ಯ. ಸಿಪಾಯಿಗಳು ಮುಖಕ್ಕೆ ಮಸಿ ಬಳಿದುಕೊಳ್ಳುವುದನ್ನು ಕೋಲಿನಿಂದ ತೋರಿಸಿ, "ನೋಡ್ಕಳಿ, ಶತ್ರುಗಳ ದೃಷ್ಟಿ ತಾಗಬಾರದು ಅಂತ ದೃಷ್ಟಿಬೊಟ್ಟು ಇಟ್ಕತಾ ಅವ್ರೆ" ಎಂದ. ಮುಖ ಪೂರ್ತಿ ಬಳಿದುಕೊಂಡರಲ್ಲ ಎಂದರೆ, "ಬಿಳೀ ಜನ, ಬೇಗ ದೃಷ್ಟಿ ತಾಗ್ತದೆ, ಜಾಸ್ತಿ ಬೇಕು" ಎಂದ. ಹಗ್ಗ ಹಿಡಿದು ಹತ್ತುವ ಬೆಟ್ಟ ನಮ್ಮ ಸೀಮೆಯ ಅಂತರಗಂಗೆ ಬೆಟ್ಟಕ್ಕಿಂತ ಸ್ವಲ್ಪ ಎತ್ತರವಂತೆ. ಬರಿಯ ಕನ್ನಡದಲ್ಲಿ ಮುಗಿಯುತ್ತಿರಲಿಲ್ಲ. ಶ್ರೀನಿವಾಸಪುರದ ಕಡೆಯಿಂದ ಗೂಡಿನ ಕೆಲಸಕ್ಕೆ ಬಂದವರು "ಏಮಿ ಚೆಪ್ತಾವುನ್ನಾಡು?" ಎಂದು, ಏನು ಹೇಳುತ್ತಿದ್ದಾನೆಂದು ತಿಳಿಯದೆ, ಗೊಣಗಿದರೆ ಅದನ್ನೇ ತೆಲುಗಿನಲ್ಲೂ ಹೇಳಬೇಕು. ತೆಲುಗಿನಲ್ಲಿ ಕೋಟೆ ಇನ್ನಷ್ಟು ದೊಡ್ಡದಾಗುತ್ತಿತ್ತು, ಕಮಾಂಡೋಗಳ ಮೀಸೆ ಉದ್ದವಾಗುತ್ತಿತ್ತು. ಪರದೆಯ ಮೇಲೆ ಅವರಿಗೆ ಮೀಸೆಯೇ ಇರಲಿಲ್ಲ ಎಂಬುದನ್ನು ಯಾರು ಕೇಳಬೇಕು?

ಒಂದು ಸಂಜೆ ಪ್ರೊಜೆಕ್ಟರಿನವನು ಕೊನೆಯ ರೀಲನ್ನು ಮೊದಲೇ ಹಾಕಿಬಿಟ್ಟ. ಟೆಂಟಿನೊಳಗೆ ಜನ ಸರಿಯಾಗಿ ಕೂರುವ ಮೊದಲೇ ಕೋಟೆ ಢಮಾರ್! ಎಲ್ಲರೂ ಕಕ್ಕಾಬಿಕ್ಕಿ. ಮಾವ ಒಂದು ಕ್ಷಣವೂ ತಡವರಿಸಲಿಲ್ಲ. "ಇದು ದೊಡ್ಡ ಆಫೀಸರ್ ಕಂಡ ಕನಸು. ಎದ್ದ ಮೇಲೆ ಇದರಂತೆ ಮಾಡ್ತಾನೆ, ಸುಮ್ನೆ ನೋಡಿ." ಜನ ತಲೆದೂಗಿದರು. ಪ್ರೊಜೆಕ್ಟರಿನವನು ಮರುದಿನವೂ ಹಾಗೇ ಹಾಕಲೇ ಎಂದು ಕೇಳಿದನಂತೆ!

ಕಮಾಂಡೋ ವಿದ್ಯೆ ಟೆಂಟಿಗಷ್ಟೇ ನಿಲ್ಲಲಿಲ್ಲ. ಆಟ ಮುಗಿಸಿ ಬರುವುದು ತಡವಾದರೆ ದೊಡ್ಡಮ್ಮ ಅಗಳಿ ಹಾಕಿಬಿಡುತ್ತಿದ್ದಳು. ಬಾಗಿಲು ತೆಗಿ ಎನ್ನಲು ಮಾತಿಲ್ಲ, ಕಂಬವೋ ಒಳಗಿದೆ. ಒಂದು ದಿನ ಮಾವ ಮುಖಕ್ಕೆ ಮಸಿ ಬಳಿದುಕೊಂಡು, ಬಾವಿಹಗ್ಗ ಹಿಡಿದು ಹಿತ್ತಲ ಗೋಡೆ ಹತ್ತಿದ. ಮಂಡಿ ನೋವು ಅವತ್ತು ರಜೆಯ ಮೇಲೆ ಹೋಗಿತ್ತೆಂದು ಕಾಣುತ್ತದೆ. ಇಳಿದದ್ದು ನೇರ ಕಲಗಚ್ಚಿನ ಬಾನಿಗೆ! ನಮ್ಮ ನಾಯಿ, ಅವನೇ ಸಾಕಿದ ನಾಯಿ, ಮಸಿಮುಖ ಗುರುತು ಹತ್ತದೆ ಮೀನಖಂಡಕ್ಕೆ ಬಾಯಿ ಹಾಕಿತು. ದೊಡ್ಡಮ್ಮ ದೀಪ ಹಿಡಿದು ಬಂದು ನೋಡಿ, "ಏ ಕಂಬ, ಎಮ್ಮೆಗಿಟ್ಟ ಕಲಗಚ್ಚಲ್ಲಿ ಯಾರೋ ಸ್ನಾನ ಮಾಡ್ತಾ ಅವ್ರೆ" ಎಂದು ಒಳಗೆ ಹೋದಳು. ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಅವಳು ನಗಲಿಲ್ಲ.

ಬದಲಿ ಚಿತ್ರದ ಪೆಟ್ಟಿಗೆ ರೈಲಿನಲ್ಲಿ ಬರಲೇ ಇಲ್ಲ. ಹಾಗಾಗಿ ಅದೇ ಚಿತ್ರ ದಿನಾ ಓಡಿತು. ಆಶ್ಚರ್ಯವೆಂದರೆ, ದೇವರ ಚಿತ್ರಕ್ಕೂ ಹೋಗದ ದೊಡ್ಡಮ್ಮ ಈ ಗುಂಡಿನ ಚಿತ್ರಕ್ಕೆ ದಿನಾ ಬರತೊಡಗಿದಳು. ಹೆಂಗಸರ ಕಡೆ, ಬಟ್ಟೆ ಅಡ್ಡ ಕಟ್ಟಿದ ಜಾಗದಲ್ಲಿ, ನನ್ನ ಪಕ್ಕ ಕೂರುವಳು. ಯಾಕೆ ದೊಡ್ಡಮ್ಮ ಎಂದು ಕೇಳಿದೆ. "ಯುದ್ಧ ಅಂದ್ರೆ ಹೆಂಗಿರ್ತದೆ ಅಂತ ನೋಡ್ಬೇಕು ಕಣೇ. ನನ್ನ ಮಗ ಅದರೊಳಗೆ ಅವ್ನೆ" ಎಂದಳು.

ಮಾವ ಒಬ್ಬರನ್ನೂ ಸಾಯಲು ಬಿಡದೆ ಹೋದದ್ದು ಅವಳು ಬಂದು ಕೂತ ದಿನದಿಂದ. ಗುಂಡು ತಗಲಿ ಉರುಳಿದವನನ್ನು ಕೋಲಿನಿಂದ ತೋರಿಸಿ, "ಮೂರ್ಛೆ ಬಂದೈತೆ ಅಷ್ಟೇ, ಗಾಬರಿ ಬೇಡ" ಎನ್ನುವನು. ಬಂಡೆ ಬಿದ್ದವನು ಸಂದಿನಲ್ಲಿ ಮಲಗಿದ್ದಾನೆ. ಸಮುದ್ರಕ್ಕೆ ಬಿದ್ದವನಿಗೆ ಈಜು ಬರುತ್ತದೆ. ಕೊನೆಕೊನೆಗೆ ಶತ್ರುಗಳನ್ನೂ ಉಳಿಸತೊಡಗಿದ, "ಅವ್ರಿಗೂ ತಾಯಂದಿರು ಅವ್ರೆ" ಎಂದು. ಕೋಟೆ ಸಿಡಿದು ಚೂರಾದರೆ, "ಒಳಗಿದ್ದೋರೆಲ್ಲ ಆಗ್ಲೇ ಊಟಕ್ಕೆ ಹೋಗಿದ್ರು!" ಯಾರೂ ಸಾಯದಿದ್ದರೆ ಅದೆಂಥ ಯುದ್ಧ? ಮುಂದೆ ಕೂತ ಗಂಡಸರು ಶಿಳ್ಳೆ ಹೊಡೆದರು. "ಏನ್ ಮೇಸ್ತ್ರಿ, ನಿನ್ ಯುದ್ಧ ಬೀಗರ ಔತಣ ಆಯ್ತಲ್ಲ!" ಎಂದು ಆಡಿಕೊಂಡರು. ಅಪ್ಪಟ ಸುಳ್ಳುಗಾರ ಎಂದರು. ಅದರಲ್ಲಿ ನನಗೂ ಅನುಮಾನ ಇರಲಿಲ್ಲ.

ಟೆಂಟು ಕೀಳುವ ಹಿಂದಿನ ಸಂಜೆ ರೈಲ್ವೆ ಸ್ಟೇಷನ್ನಿನ ಗುಮಾಸ್ತರು ಕುಟುಂಬ ಸಮೇತ ಬಂದು ಕುರ್ಚಿಯಲ್ಲಿ ಕೂತರು. ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಮೊದಲರ್ಧ ಹಲ್ಲು ಕಚ್ಚಿ ಸಹಿಸಿದರು. ಪಡೆಯಲ್ಲೆಲ್ಲ ಚಿಕ್ಕವನಾದ, ಇನ್ನೂ ಗಡ್ಡ ಮೂಡದ ಹುಡುಗನೊಬ್ಬ ಗುಂಡು ತಗಲಿ ಮರಳಿನ ಮೇಲೆ ಬಿದ್ದ. ಆಫೀಸರ್ ಪಕ್ಕದಲ್ಲಿ ಮಂಡಿಯೂರಿ ಏನೋ ಹೇಳಿದ. ಮಾವ ಎಂದಿನಂತೆ, "ಸುಸ್ತಾಗೈತೆ, ಸ್ವಲ್ಪ ಮಲಗಿ ಎದ್ದು ಬರ್ತಾನೆ" ಎಂದ.

ಗುಮಾಸ್ತರು ಎದ್ದು ನಿಂತರು. "ಎಷ್ಟಯ್ಯಾ ಸುಳ್ಳು ಹೇಳ್ತೀಯ? ಹುಡುಗ ಸತ್ತ! ಇವನ ತಾಯಿಗೆ ಏನಂತ ಹೇಳಲಿ ಅಂತ ಕೇಳ್ತಿದ್ದಾನೆ ಆಫೀಸರ್. ಗೊತ್ತಿಲ್ಲದಿದ್ರೆ ಬಾಯಿ ಮುಚ್ಚಿಕೊಂಡು ನಿಂತ್ಕೋ!"

ಜನ ಹೋ ಎಂದು ನಕ್ಕರು. ನಾನು ಕಂಡಂತೆ ಮಾವನ ಬಾಯಿ ಕಟ್ಟಿದ್ದು ಅದೇ ಮೊದಲು. ಪರದೆಯ ಮೇಲೆ ಯಾರೋ ಆ ಹುಡುಗನ ಮುಖದ ಮೇಲೆ ಟೋಪಿ ಮುಚ್ಚಿದರು. ಮಾವ ಕೋಲು ಕೆಳಗಿಳಿಸಿದ. ಅವನು ಪರದೆಯನ್ನೂ ನೋಡಲಿಲ್ಲ, ಗುಮಾಸ್ತರನ್ನೂ ನೋಡಲಿಲ್ಲ. ಹೆಂಗಸರ ಕಡೆಯೇ ನೋಡುತ್ತಿದ್ದ.

ನನ್ನ ಪಕ್ಕದಲ್ಲಿ ದೊಡ್ಡಮ್ಮ ಎದ್ದು ನಿಂತಳು. ಅಡ್ಡ ಕಟ್ಟಿದ್ದ ಬಟ್ಟೆಯನ್ನು ಒಂದು ಕೈಯಲ್ಲಿ ಸರಿಸಿದಳು.

"ಯಾಕೋ ಸುಮ್ನೆ ನಿಂತೆ?" ಎಂದು ಕೂಗಿದಳು. "ಹೇಳೋ! ಎದ್ದು ಬರ್ತಾನೆ ಅಂತ ಹೇಳೋ!"

ಗುಮಾಸ್ತರು ಮೆಲ್ಲಗೆ ಕೂತುಬಿಟ್ಟರು. ಮಾವ ಮೂಗು ಒರೆಸಿಕೊಂಡು, ಇಡೀ ಊರಿಗೆ ಗೊತ್ತಿದ್ದ ಆ ಗಟ್ಟಿ ಗಂಟಲಿನಲ್ಲಲ್ಲ, ಎದುರಿಗೆ ಕೂತವಳೊಬ್ಬಳಿಗೆ ಹೇಳುವಷ್ಟು ಸಣ್ಣಗೆ ಹೇಳಿದ.

"ಬರ್ತಾನೆ ಕಣಕ್ಕ."

ಮುಂದೆ ಯಾರೂ ಶಿಳ್ಳೆ ಹೊಡೆಯಲಿಲ್ಲ. ಅವತ್ತು ಮನೆಯಲ್ಲಿ ಅಗಳಿ ಹಾಕಿರಲಿಲ್ಲ. ದೊಡ್ಡಮ್ಮ ನೇರವಾಗಿ ಅವನ ಮುಖ ನೋಡಿ, "ಕೈ ತೊಳ್ಕಂಡು ಬಾರೋ, ಮುದ್ದೆ ಆರ್ತಾ ಐತೆ" ಎಂದಳು. ಕಂಬ ತೆಪ್ಪಗೆ ನಿಂತಿತ್ತು.

ಯುದ್ಧ ಮುಗಿಯಿತು. ಹೋದವರಲ್ಲಿ ಕೆಲವರು ಬಂದರು. ಅಣ್ಣ ಬರಲಿಲ್ಲ. ಇನ್ನು ಬರುವುದಿಲ್ಲ ಎಂದು ಊರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ದೊಡ್ಡಮ್ಮನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಆದರೂ ಅವಳು ಇದ್ದಷ್ಟು ಕಾಲ, ಗೂಡಿನ ಕೆಲಸ ಮುಗಿಸಿ ಬಂದ ತಮ್ಮನ ಮುಂದೆ ತಟ್ಟೆ ಇಟ್ಟು, "ಹೇಳೋ" ಎನ್ನುವಳು. ಅವನು ತಲೆ ಎತ್ತಿ, "ಬರ್ತಾನೆ ಕಣಕ್ಕ" ಎನ್ನುವನು. ಅಷ್ಟು ಕೇಳಿದ ಮೇಲೆಯೇ ಅವಳು ಮುದ್ದೆ ಬಡಿಸುತ್ತಿದ್ದಳು.