ಭಾವನ ಹಳದಿ ಮುಲಾಮು

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಚರ್ಮ ನೆನಪಿರುತ್ತದೆ! ಅಕ್ಕನನ್ನು ನೋಡಲೆಂದು ಭದ್ರಾವತಿಯ ನಮ್ಮ ಮನೆಗೆ ಬಂದ ದಿನ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪನ ಕೈ ಹಿಡಿದು, "ಅಂಗೈ ಇಷ್ಟು ಒಡೆದಿದೆಯಲ್ಲ, ಏನು ಹಚ್ತೀರಾ?" ಎಂದು ವಿಚಾರಿಸಿದರು. ಅವರು ಹೋದ ಮೇಲೆ ಅಪ್ಪ ಕೇಳಿದ್ದು, "ಈ ಹುಡುಗ ಹೆಣ್ಣು ನೋಡಕ್ಕೆ ಬಂದಿದ್ನೋ, ಹೆಲ್ತ್ ಕ್ಯಾಂಪಿಗೋ?"

ಭಾವ ಶಿವಮೊಗ್ಗದಲ್ಲಿ ಫಾರ್ಮಸಿ ಮೇಷ್ಟ್ರು. ಅರಿಶಿನದ ಸತ್ವವನ್ನು ಚರ್ಮದೊಳಗೆ ಇಳಿಸಬೇಕೆಂಬುದು ಅವರ ಹತ್ತು ವರ್ಷದ ಹಟ.

"ಅದು ಸುಲಭಕ್ಕೆ ಒಳಗೆ ಹೋಗಲ್ಲ ಮಾರಾಯ್ತಿ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಯೊಳಗೆ ಕೂರಿಸಿ ಕಳಿಸಬೇಕು."

"ಅಂದ್ರೆ ಆಟೋ ಹತ್ತಿಸ್ಬೇಕು," ಎಂದೆ ನಾನು.

"ಹ್ಞೂಂ. ಇಷ್ಟು ದಿನ ಸ್ಟ್ಯಾಂಡಲ್ಲೇ ನಿಂತಿತ್ತು."

ಮೊದಲು ಅದು ಮುಖದ ಕಾಂತಿಯ ಕ್ರೀಮು. ಪರೀಕ್ಷೆಗೆ ಸಿಕ್ಕವಳು ನಾನು. ಮುಂಗೈ ಮೇಲೆ ಪೆನ್ನಿನಲ್ಲಿ ಆರು ಚೌಕ ಬರೆದು ಒಂದೊಂದಕ್ಕೂ ಒಂದೊಂದು ಬಗೆಯ ಕ್ರೀಮು ಹಚ್ಚಿ ಕಳಿಸಿದರು. ಬಸ್ಸಿನಲ್ಲಿ ಪಕ್ಕದ ಹೆಂಗಸು ನೋಡಿ, "ಕುಂಟೆಬಿಲ್ಲೆ ಕೈ ಮೇಲೂ ಆಡ್ತಾರಾ?" ಎಂದಳು.

ಆಮೇಲೆ ಅಕ್ಕನ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಶುರುವಾಯಿತು, ಅದರ ಜೊತೆಗೇ ಮೈಯೆಲ್ಲ ತುರಿಕೆ. ಬಾಚಣಿಗೆ, ಸ್ಕೇಲು, ಗೋಡೆಯ ಮೂಲೆ, ಏನು ಸಿಕ್ಕರೂ ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದಳು. ಸೀರೆಗೆ ರಕ್ತದ ಕಲೆ. ಅದನ್ನು ನೋಡಿದ ಭಾವ ಕಾಂತಿಯ ಮಾತು ಬಿಟ್ಟು ತುರಿಕೆಯ ಹಿಂದೆ ಬಿದ್ದರು.

ಡಾಕ್ಟರನ್ನು ಕೇಳಿಯೇ ಎರಡು ಡಬ್ಬಿ ತಯಾರಿಸಿದರು. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಹಳದಿ ಬಣ್ಣ ಕಲಸಿದ ಮುಲಾಮು. ಹಚ್ಚುವಾಗ ತನಗೂ ಗೊತ್ತಾಗಬಾರದೆಂದು ಅವುಗಳ ಮೇಲೆ ಅ, ಆ ಎಂದು ನನ್ನಿಂದ ಬರೆಸಿದರು. ಯಾವುದು ಯಾವುದೆಂದು ನನಗೊಬ್ಬಳಿಗೇ ಗೊತ್ತು. ಹೆಂಡತಿಯ ವಿಷಯದಲ್ಲೂ ತನ್ನನ್ನೇ ನಂಬದ ಮನುಷ್ಯ! ಎರಡು ವಾರ ಒಂದು ಡಬ್ಬಿ, ಎರಡು ವಾರ ಇನ್ನೊಂದು. ದಿನಾ ಸಂಜೆ ಅಕ್ಕನ ಕಾಲು, ಬೆನ್ನಿಗೆ ಹಚ್ಚುತ್ತಾ, "ತುರಿಕೆಗೆ ಹತ್ತಕ್ಕೆ ಎಷ್ಟು?" ಎಂದು ಕೇಳಿ ಬರೆದುಕೊಳ್ಳುತ್ತಿದ್ದರು.

"ನಿಮ್ಮ ಕಾಲೇಜಲ್ಲೂ ಇಷ್ಟು ಮಾರ್ಕ್ಸ್ ಕೇಳಲ್ಲ ರೀ," ಎನ್ನುತ್ತಿದ್ದಳು ಅಕ್ಕ.

ಮೊದಲು ಒಂಬತ್ತಿತ್ತು. ಔಷಧಿಯ ಡಬ್ಬಿಯಲ್ಲಿ ಐದಕ್ಕೆ ಇಳಿಯಿತು. ಬಣ್ಣದ ಡಬ್ಬಿಯಲ್ಲೂ ಐದೇ. ಅವರ ಸಮಾಧಾನಕ್ಕೆ ಸುಳ್ಳು ಹೇಳೋಣವೆಂದರೆ, ಅ, ಆ ಅದಲುಬದಲು ಮಾಡಿಯೂ ಪ್ರಯೋಜನವಿರಲಿಲ್ಲ.

ಯಾವ ಡಬ್ಬಿ ಯಾವುದೆಂದು ಹೇಳಿದೆ. ಭಾವ ಲೆಕ್ಕವನ್ನು ಮತ್ತೊಮ್ಮೆ ನೋಡಿ, 'ಔಷಧಿಯಿಂದ ಪ್ರಯೋಜನ ಕಾಣಲಿಲ್ಲ' ಎಂದು ಬರೆದು ಪುಸ್ತಕ ಮುಚ್ಚಿದರು.

ಹಾಸಿಗೆಯಿಂದ ಅಕ್ಕ ಮೆಲ್ಲಗೆ ಕೇಳಿದಳು. "ಹಾಗಾದ್ರೆ ಇನ್ಮೇಲೆ ಹಚ್ಚಲ್ವಾ ರೀ?"

"ಅದರಲ್ಲಿ ಏನೂ ಇಲ್ಲ ಕಣೇ."

"ಇರಲಿ. ನೀವು ಕೂತು ಹಚ್ಚುವಷ್ಟು ಹೊತ್ತು ತುರಿಕೆ ನೆನಪಾಗ್ತಿರಲಿಲ್ಲ."

"ಅದನ್ನ ರಿಸರ್ಚ್ ಪೇಪರಲ್ಲಿ ಬರೆಯಕ್ಕಾಗಲ್ಲ," ಎಂದರು ಭಾವ. ಎದ್ದು ಹೋಗಿ ಕೈ ತೊಳೆದು ಬಂದರು. ಮಂಚದ ತುದಿಯಲ್ಲಿ ಕೂತು ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕೈಗೆ ಸಿಕ್ಕ ಡಬ್ಬಿಯನ್ನು ತೆರೆದರು. ಮುಚ್ಚಳದ ಮೇಲೆ ಯಾವ ಅಕ್ಷರವಿತ್ತೋ, ನಾವು ಮೂವರೂ ನೋಡಲಿಲ್ಲ.