ಎರಾಸ್ಮೊನ ಸೊಂಟಕ್ಕೆ ಬಂದ ದುಃಖ

ಔಷಧದಂಗಡಿಯ ಮಿಲಾಗ್ರೋಸ್‌ಗೆ ಮೆತ್ತಗೆ ಮಾತಾಡಿ ಗೊತ್ತಿಲ್ಲ. ಸಿಯೆನ್‌ಫ್ಯೂಗೋಸ್ ಊರಿಗೆ ಮಾತ್ರೆ ಬಂದ ದಿನ ಇಡೀ ಬೀದಿಯೇ "ಕೊನೆಯವರು ಯಾರು?" ಎಂದು ಕೇಳಿಕೊಂಡು ಸಾಲು ಹಚ್ಚಿತ್ತು. ಅಷ್ಟು ಜನರೆದುರು ಅವಳು ಕೂಗಿಯೇಬಿಟ್ಟಳು: "ಕ್ಷೌರದ ಎರಾಸ್ಮೊ! ನಿನ್ನ ಖಿನ್ನತೆ ಮಾತ್ರೆ ಬಂದಿದೆ, ತಗೊಂಡ್ಹೋಗು!"

"ಅದು ಸೊಂಟಕ್ಕೆ ಕಣಮ್ಮಾ!" ಎಂದ ಎರಾಸ್ಮೊ. ನಿಜವೇ. ನಿಂತು ನಿಂತು ಕತ್ತರಿ ಆಡಿಸಿದವನಿಗೆ ನಡುವಿನಿಂದ ಹಿಮ್ಮಡಿಯವರೆಗೆ ಕಾಸಿದ ಕಂಬಿ ಎಳೆದಂಥ ನೋವು. ಈ ಮಾತ್ರೆಯೂ ನಾಟದಿದ್ದರೆ ಅಂಗಡಿ ಮುಚ್ಚಬೇಕು, ಅಷ್ಟೇ. ಆದರೆ ಅವನ ಮಾತು ಯಾರಿಗೆ ಬೇಕು?

"ಪಾಪ, ಮರ್ಯಾದೆಗೆ ಅಂಜಿ ಸೊಂಟ ಅಂತಾನೆ," ಎಂದಳು ಮಹಡಿ ಮನೆಯ ಒನೆಲಿಯಾ. ಬೀದಿಯಲ್ಲಿ ಯಾರ ಮುಖ ಬಾಡಿದರೂ ನಗಿಸುವ ಗುತ್ತಿಗೆ ಅವಳದೇ.

ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಅವನ ಅಂಗಡಿಗೆ ನುಗ್ಗಿತು. 'ಯಾವುದಕ್ಕೂ ಇರಲಿ' ಅಂತ ಒಬ್ಬ ಕ್ಷೌರದ ಕತ್ತಿಗಳನ್ನೆಲ್ಲ ಬಾಚಿ ಬಚ್ಚಿಟ್ಟ. ಇನ್ನೊಬ್ಬ ರಮ್ ತಂದ. ಮೀನು ಮಾರುವ ತಾಟೊ ಡೋಲು ಹೊತ್ತು ತಂದ.

"ಬಾರೋ, ಕುಣಿದ್ರೆ ದುಃಖ ತಾನಾಗೇ ಓಡುತ್ತೆ!" ಒನೆಲಿಯಾ ಕೈಹಿಡಿದು ಎಳೆದಳು.

"ಅಯ್ಯೋ ಬಿಡೇ, ಜೀವ ಹೋಗ್ತಿದೆ!"

"ನೋಡಿದ್ರಾ? ಬರೀ ಸಾಯೋ ಮಾತೇ ಆಡ್ತಾನೆ! ಜೋರಾಗಿ ಬಾರ್ಸೋ ತಾಟೊ!"

ಎರಾಸ್ಮೊ ಸುತ್ತಿದ, ಬಾಗಿದ. ಬಾಗಿದವನು ಮೇಲೇಳಲಿಲ್ಲ. ಅದನ್ನೂ ಹೊಸ ಹೆಜ್ಜೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಪುಣ್ಯಕ್ಕೆ ಗದ್ದಲ ಕೇಳಿ ಬೀದಿಯ ಡಾಕ್ಟರಮ್ಮ ಬಂದರು. "ಬುದ್ಧಿ ಇದೆಯೇನ್ರೋ ನಿಮಗೆ? ಖಿನ್ನತೆಗೆ ಕೊಡೋ ಮಾತ್ರೆನೇ ನರದ ನೋವಿಗೂ ಕೊಡ್ತೀವಿ. ಇವನಿಗಿರೋದು ಸೊಂಟನೋವು. ಕೂರಿಸ್ರೋ ಅವನನ್ನ!"

ಡೋಲು ನಿಂತಿತು. ಜನ ನಾಲಿಗೆ ಕಚ್ಚಿಕೊಂಡರು. ಎರಾಸ್ಮೊ ಕುರ್ಚಿಗೆ ಒರಗಿ "ಉಸ್ಸಪ್ಪಾ" ಎಂದ.

ಒನೆಲಿಯಾ ಬೆವರೊರೆಸಲು ಚೀಲದಿಂದ ಕರವಸ್ತ್ರ ಎಳೆದಳು. ಜೊತೆಗೇ ಮಾತ್ರೆಯ ಪಟ್ಟಿಯೊಂದು ನೆಲಕ್ಕೆ ಬಿತ್ತು. ಅದೇ ಮಾತ್ರೆ. ಅರ್ಧ ಖಾಲಿ.

"ಇದ್ಯಾರ್ದು?" ತಾಟೊ ಎತ್ತಿಕೊಂಡ.

ಒನೆಲಿಯಾಳ ಬಾಯಿ ನಗುತ್ತಲೇ ಇತ್ತು, ಕಣ್ಣು ಮಾತ್ರ ಎರಾಸ್ಮೊನನ್ನು ಬೇಡುತ್ತಿತ್ತು. ಅವಳಿಗೆ ಯಾವ ಸೊಂಟನೋವೂ ಇಲ್ಲ, ಮೆಟ್ಟಿಲನ್ನು ಓಡಿ ಹತ್ತುವವಳು. ಹೋದ ವರ್ಷ ಗಂಡ ರಾಮಿರೊ ತೀರಿಕೊಂಡಾಗಲೂ ಬಂದವರಿಗೆಲ್ಲ ಕಾಫಿ ಕೊಟ್ಟು, ನಗಿಸಿ ಕಳಿಸಿದ್ದಳು. ಅವಳು ಹೇಗಿದ್ದಾಳೆಂದು ಯಾರೂ ಕೇಳಿರಲಿಲ್ಲ. ತಾನೂ ಕೇಳಿಲ್ಲವೆಂದು ಎರಾಸ್ಮೊಗೆ ಹೊಳೆಯಿತು. ಈಗ ಈ ಜನ ಡೋಲು ಹೊತ್ತು ಅವಳ ಮೇಲೆ ಬೀಳುತ್ತಾರೆ, ಪಾಪ, ನೆಮ್ಮದಿಯಾಗಿ ಅಳುವುದಕ್ಕೂ ಬಿಡುವುದಿಲ್ಲ.

"ನಂದೇ ಕಣ್ರೋ," ಎಂದ. "ಹೋದ ಸಲದ್ದು, ಬಚ್ಚಿಡು ಅಂತ ಅವಳ ಕೈಲಿ ಕೊಟ್ಟಿದ್ದೆ. ನನ್ನ ಮರ್ಯಾದೆ ಉಳಿಸೋಕೆ ಡಾಕ್ಟರಮ್ಮ ಸೊಂಟ ಅಂದ್ರು. ನನಗಿರೋದು ದುಃಖವೇ."

ಡಾಕ್ಟರಮ್ಮ ಬಾಯಿ ತೆರೆದರು, ಒನೆಲಿಯಾಳ ಮುಖ ನೋಡಿ ಹೌದೆಂದು ತಲೆಯಾಡಿಸಿದರು.

"ನಾವಾಗ್ಲೇ ಹೇಳ್ಲಿಲ್ವಾ!" ಎಂದು ಜನ ಎರಾಸ್ಮೊನನ್ನು ಎತ್ತಿ ನಿಲ್ಲಿಸಿದರು. ಒನೆಲಿಯಾ ಬಂದು ಅವನ ಕೈ ಹಿಡಿದಳು. ಈ ಸಲ ಎಳೆಯಲಿಲ್ಲ. ಅವನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

"ನೋಡ್ರೋ, ಇವನ ದುಃಖಕ್ಕೆ ನಮ್ಮ ಒನೆಲಿಯಾನೇ ಅಳೋ ಹಾಗಾಯ್ತು!" ತಾಟೊ ಡೋಲನ್ನು ತೊಡೆಗೇರಿಸಿದ. "ಬಿಡಬೇಡಿ ಅವನನ್ನ, ಬೆಳಗಾಗೋವರೆಗೂ ಕುಣಿಸಿ!"