ಪರವಾಡದಲ್ಲಿ ಗ್ರೀಕರ ಮಲ್ಲಯುದ್ಧ

ಕಾರ್ಖಾನೆಯ ವಾರ್ಷಿಕೋತ್ಸವ ಬಂತೆಂದರೆ ಯಾರ ತಲೆಗಾದರೂ ಏನಾದರೊಂದು ಹೊಳೆದೇ ಹೊಳೆಯುತ್ತದೆ, ಅನುಭವಿಸುವವರು ನಾವು. ತೆಲುಗು ಸೀಮೆಯ ಪರವಾಡದ ನಮ್ಮ ಔಷಧ ಕಾರ್ಖಾನೆಯಲ್ಲಿ ಈ ಸಲ ಹೊಳೆದದ್ದು ಎಚ್‌ಆರ್ ಸಾಹೇಬರಿಗೆ. ಹಗ್ಗಜಗ್ಗಾಟ ಸಾಕು, ಪುರಾತನ ಗ್ರೀಕರ ಮಲ್ಲಯುದ್ಧ ಆಡಿಸೋಣ ಎಂದರು. ಧಾರವಾಡದವನಿಗೆ ಕುಸ್ತಿ ಬಾರದೆ ಇರುತ್ತದೆಯೇ ಎಂದು ನನ್ನ ಹೆಸರನ್ನೂ ಸೇರಿಸಿದರು. ನನಗೆ ಬೇಕಾಗಿದ್ದದ್ದು ಆ ವಾರವೇ ಇದ್ದ ತಂಗಿಯ ಮದುವೆಗೆ ಒಂದು ವಾರ ರಜೆ. ಅದು ನಮ್ಮ ಸೆಕ್ಷನ್ನಿನ ಮ್ಯಾನೇಜರ ಕೈಯಲ್ಲಿತ್ತು. ಬಾಯಿ ಮುಚ್ಚಿಕೊಂಡು ಒಪ್ಪಿದೆ.

ಎಣ್ಣೆ

ಗ್ರೀಕರು ಮೈಗೆ ಎಣ್ಣೆ ಹಚ್ಚಿಕೊಂಡು ಕಾದಾಡುತ್ತಿದ್ದರಂತೆ. ಆಲಿವ್ ಎಣ್ಣೆ ದುಬಾರಿಯೆಂದು ಕ್ಯಾಂಟೀನಿನಿಂದ ಡಬ್ಬ ತರಿಸಿದರು. ಮೊದಲ ಜೋಡಿ ಹಿಡಿದಲ್ಲೆಲ್ಲ ಜಾರಿ, ಸಾಕಾಗಿ ಕೈಕುಲುಕಿತು. ಅದೂ ಜಾರಿತು. ಅಷ್ಟರಲ್ಲಿ ಆ ಎಣ್ಣೆ ಸಂಜೆಯ ಮಿರ್ಚಿ ಬಜ್ಜಿಯದೆಂದು ಸುದ್ದಿ ಬಂತು. ಅವತ್ತಿನ ನಿಜವಾದ ಹೊಡೆದಾಟ ಶುರುವಾದದ್ದು ಆಮೇಲೆ.

ಚೀಟಿ

ಗ್ರೀಕರಲ್ಲಿ ತೂಕ ನೋಡುವ ಪದ್ಧತಿಯಿಲ್ಲ, ಚೀಟಿ ಎತ್ತಿ ಜೋಡಿ ಮಾಡುವುದು. ಜೋಡಿ ಸಿಗದವನು ಕೂತಲ್ಲೇ ಮುಂದಿನ ಸುತ್ತಿಗೆ. ವಿಜಯವಾಡದ ಕಚೇರಿಯಿಂದ ಬಂದಿದ್ದ ಬಡಕಲು ಅಕೌಂಟೆಂಟು ಹೀಗೆ ಕೂತು ಕೂತೇ ಕಂಚಿನ ಪದಕ ಗೆದ್ದರು. ಫೋಟೋ ಸ್ಟೇಟಸ್ಸಿಗೆ ಹಾಕಿದರು. ಈಗ ಅವರ ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಜಗಳವಾದರೆ ಬಿಡಿಸಲು ಅವರನ್ನೇ ಕರೆಯುತ್ತಾರಂತೆ. ಹೋಗಿ ಅಲ್ಲೂ ಕೂತುಕೊಳ್ಳುತ್ತಾರಂತೆ.

ಫೈನಲ್

ಸೋಲೊಪ್ಪುವವರು ಬೆರಳೆತ್ತಬೇಕು. ಧಾರವಾಡ ಎಂದು ಕೇಳಿಯೇ ನನ್ನೆದುರು ನಿಂತವರೆಲ್ಲ ಎತ್ತಿದರು. ಮ್ಯಾನೇಜರ ಎದುರು ಬಿದ್ದವರೆಲ್ಲ ಅವರ ಕೈಕೆಳಗಿನವರೇ, ಅವರೂ ಎತ್ತಿದರು. ಹೀಗೆ ಫೈನಲ್ಲಿಗೆ ನಾವಿಬ್ಬರು. ಬಸ್ಸು ಹೊರಡುವ ಹೊತ್ತಾದರೂ ಇಬ್ಬರೂ ಸುಮ್ಮನೆ ನಿಂತದ್ದು ನೋಡಿ ಎಚ್‌ಆರ್ ಸಾಹೇಬರು ಇನ್ನೊಂದು ಗ್ರೀಕ್ ನಿಯಮ ತೆಗೆದರು: ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಏಟು.

"ಮುಂದು ಮೀರು ಕೊಟ್ಟಂಡಿ," ಮೊದಲು ನೀವು ಹೊಡೀರಿ ಎಂದರು ಮ್ಯಾನೇಜರು.

"ಅಯ್ಯೋ, ಮೀರೇ ಸರ್."

"ಲೇದು, ಮೀರೇ," ಇಲ್ಲ, ನೀವೇ ಎಂದರು ಅವರು.

ರಜೆ ನೆನೆದು ನಾನು ಬೆರಳೆತ್ತಿದೆ. ಅವರು ಅದನ್ನು ಹಿಡಿದು ಇಳಿಸಿ, ಹತ್ತಿರ ಬಂದು ನನ್ನಿಂದಲೇ ಕಲಿತ ಕನ್ನಡದಲ್ಲಿ ಪಿಸುಗುಟ್ಟಿದರು: "ಹೊಡೀರಿ ಮಾರಾಯರೇ. ಬಾಸ್ ಹೇಳ್ತಿದ್ದೀನಿ."

ಭುಜ ಮುಟ್ಟಿದೆ, ಅಷ್ಟೇ. ಕಡಿದ ಬಾಳೆಯಂತೆ ಬಿದ್ದರು. ಡಾಕ್ಟರು ಒಂದು ವಾರದ ವಿಶ್ರಾಂತಿ ಬರೆದರು. ಅವರು ಸ್ಟ್ರೆಚರಿನ ಮೇಲಿಂದ ನನಗೆ ಥ್ಯಾಂಕ್ಸ್ ಹೇಳಿದರು.

ನಮ್ಮ ಸೆಕ್ಷನ್ನಿನಲ್ಲಿ ಇಬ್ಬರು ಒಟ್ಟಿಗೆ ರಜೆ ಹಾಕುವಂತಿಲ್ಲ. ಅಳುವೇ ಬಂತು. ರಾತ್ರಿ ತಂಗಿಗೆ ಫೋನು ಮಾಡಿದೆ.

"ಯಾಕ ಬರಂಗಿಲ್ಲಣ್ಣಾ? ಏನಾತು?"

"ಏನ್ ಹೇಳ್ಲಿ ತಂಗಿ, ನಾ ಗೆದ್ದಬಿಟ್ಟೆ."